ಬರಲಿರುವುದಕ್ಕಾಗಿ ಕಾಯುತ್ತಾ ಇರುವುದನ್ನು ಕಳೆದುಕೊಂಡಾಗ

ಸುಬಹ್ ನಮಾಝ್ ಮುಗಿಸಿ ಮಸೀದಿಯಿಂದ ಮನೆಗೆ ಬಂದೊಡನೆ ಆ ದಿನಗಳಲ್ಲಿ ನಾನು ಮಾಡುತ್ತಿದ್ದ ಮೊದಲ ಕೆಲಸವನ್ನು ಹೇಳಿಕೊಳ್ಳಲು ಇಂದು ನಾಚಿಕೆಯಾಗುತ್ತದೆ. ಅದು ಕುರ್‌ಆನ್ ಪಾರಾಯಣವಾಗಿರಲಿಲ್ಲ, ತಾಯಿಯ ಕ್ಷೇಮ ವಿಚಾರಣೆಯೂ ಆಗಿರಲಿಲ್ಲ. ಮೇಜಿನ ಮೇಲಿದ್ದ ಫೋನನ್ನು ಕೈಗೆತ್ತಿಕೊಂಡು, ಸೆಟ್ಟಿಂಗ್ಸ್ ತೆರೆದು, 'ಸಾಫ್ಟ್‌ವೇರ್ ಅಪ್‌ಡೇಟ್' ಎಂಬಲ್ಲಿ ಬೆರಳು ಒತ್ತುವುದೇ ಆ ಕೆಲಸವಾಗಿತ್ತು. ಪರದೆಯ ಮೇಲೆ ಪುಟ್ಟ ವೃತ್ತವೊಂದು ಕೆಲವು ಕ್ಷಣ ಸುತ್ತುತ್ತಿತ್ತು. ಬಳಿಕ, ನಿಮ್ಮ ಫೋನಿಗೆ ಸದ್ಯ ಯಾವುದೇ ಅಪ್‌ಡೇಟ್ ಇಲ್ಲ ಎಂಬ ಅದೇ ಉತ್ತರ ಬರುತ್ತಿತ್ತು. 2025ರ ಜನವರಿಯಿಂದ ಸುಮಾರು ಎರಡು ತಿಂಗಳು ನನ್ನ ಬೆಳಗು ಹೀಗೆಯೇ ಆರಂಭವಾಗುತ್ತಿತ್ತು. ಮಧ್ಯಾಹ್ನ ಊಟದ ಬಳಿಕ ಒಮ್ಮೆ, ಇಶಾದ ನಂತರ ಇನ್ನೊಮ್ಮೆ ಅದೇ ಗುಂಡಿ, ಅದೇ ವೃತ್ತ, ಅದೇ ಉತ್ತರ.

ಆ ಫೋನಿಗೆ ಒಂದು ಹಿನ್ನೆಲೆಯಿದೆ. ಕುವೈತಿನಲ್ಲಿ ದುಡಿಯುತ್ತಿರುವ ನನ್ನ ದೊಡ್ಡಮ್ಮನ ಮಗ ಅದನ್ನು ಅಲ್ಲಿಯೇ ಕೊಂಡು ನನಗೆ ಕಳುಹಿಸಿದ್ದ. ಎರಡು ವರ್ಷ ಬಳಸಿದೆ. ಆಮೇಲೆ ಕಚೇರಿಯ ಕೆಲಸಕ್ಕೆಂದು ಬೇರೊಂದು ಫೋನ್ ದೊರೆತುದರಿಂದ, ಇದನ್ನು ಉಮ್ಮನಿಗೆ ಕೊಡುವುದೆಂದು ತೀರ್ಮಾನಿಸಿದೆ. ಉಮ್ಮನ ಬಳಿ ಇದ್ದುದು ಗುಂಡಿ ಒತ್ತುವ ಹಳೆಯ ಫೋನ್. ಅದರಲ್ಲಿ ದನಿ ಕೇಳಿಸುತ್ತಿತ್ತೇ ಹೊರತು ಮುಖ ಕಾಣಿಸುತ್ತಿರಲಿಲ್ಲ. ಉಮ್ಮನಿಗೆ ನೋಡಬೇಕಾಗಿದ್ದ ಮುಖ ಒಂದೇ. ಮಗನ ಜೊತೆ ಕುವೈತಿನಲ್ಲಿ ವಾಸವಾಗಿದ್ದ ಅವರ ಅಕ್ಕ, ನನ್ನ ದೊಡ್ಡಮ್ಮನದು. ಇಬ್ಬರೂ ಪರಸ್ಪರ ಮುಖ ನೋಡಿ ಐದು ವರ್ಷಗಳಾಗಿದ್ದವು.

ಅಂದೇ ಫೋನನ್ನು ಉಮ್ಮನ ಕೈಗಿಟ್ಟಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ನನಗೊಂದು ಯೋಚನೆ ಹೊಳೆಯಿತು. ಆ ಮಾದರಿಯ ಫೋನಿಗೆ ಆಂಡ್ರಾಯ್ಡ್ 15 ಕೊನೆಯ ದೊಡ್ಡ ಅಪ್‌ಡೇಟ್ ಎಂದು ತಯಾರಕರು ತಿಳಿಸಿದ್ದರು. ಅದು ಬಂದ ಮೇಲೆ ಕೆಲವು ಗುರುತುಗಳು, ಸೆಟ್ಟಿಂಗ್‌ಗಳು ಸ್ಥಾನ ಬದಲಿಸುತ್ತವೆ. ಈಗ ಉಮ್ಮನಿಗೆ ಒಂದು ರೀತಿ ಕಲಿಸಿ, ತಿಂಗಳ ಬಳಿಕ ಮತ್ತೊಂದು ರೀತಿ ಕಲಿಸಿ ವಯಸ್ಸಾದವರನ್ನು ಗೊಂದಲಕ್ಕೆ ದೂಡುವುದೇಕೆ? ಅಪ್‌ಡೇಟ್ ಬರಲಿ, ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡಿ ಕೊಡೋಣ ಎಂದುಕೊಂಡೆ. ಕೇಳಲು ಎಷ್ಟು ವಿವೇಕದ ಮಾತು! ನಮ್ಮ ಬಹುತೇಕ ಅಲಕ್ಷ್ಯಗಳು ವಿವೇಕದ ಉಡುಪು ತೊಟ್ಟೇ ಬರುತ್ತವೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಅಪ್‌ಡೇಟ್ ಏಕೆ ತಡವಾಗುತ್ತದೆ ಎಂಬುದನ್ನು ಆ ದಿನಗಳಲ್ಲಿ ನಾನು ಚೆನ್ನಾಗಿಯೇ ಅಧ್ಯಯನ ಮಾಡಿದೆ. ಆಂಡ್ರಾಯ್ಡ್ 15ರ ಮೂಲ ಸಂಕೇತ 2024ರ ಸೆಪ್ಟೆಂಬರ್ 3ರಂದು ಬಿಡುಗಡೆಯಾಗಿತ್ತು. ಅಕ್ಟೋಬರ್ 15ರಂದು ಅದು ಗೂಗಲ್‌ನ ಪಿಕ್ಸೆಲ್ ಫೋನ್‌ಗಳನ್ನು ತಲುಪತೊಡಗಿತು. ಇತರ ಕಂಪೆನಿಗಳ ದಾರಿ ಇನ್ನೂ ಉದ್ದ. ಫೋನಿನೊಳಗಿನ ಚಿಪ್ ತಯಾರಿಸುವವರು ತಮ್ಮ ಭಾಗವನ್ನು ಹೊಸ ಆವೃತ್ತಿಗೆ ಹೊಂದಿಸಬೇಕು. ಫೋನ್ ತಯಾರಕರು ಅದರ ಮೇಲೆ ತಮ್ಮದೇ ವಿನ್ಯಾಸ ಕೂರಿಸಬೇಕು. ಒಂದೊಂದು ಮಾದರಿಯನ್ನೂ, ಒಂದೊಂದು ಪ್ರದೇಶಕ್ಕೆಂದು ಸಿದ್ಧವಾದ ಆವೃತ್ತಿಯನ್ನೂ ಪರೀಕ್ಷಿಸಬೇಕು. ಇಷ್ಟೆಲ್ಲ ಮುಗಿದ ಮೇಲೂ ಅದನ್ನು ಎಲ್ಲರಿಗೂ ಒಮ್ಮೆಲೇ ಕಳುಹಿಸುವುದಿಲ್ಲ. ಮೊದಲು ಅತ್ಯಲ್ಪ ಪ್ರಮಾಣದ ಫೋನ್‌ಗಳಿಗೆ ಕಳುಹಿಸಿ ಕಾದು ನೋಡುತ್ತಾರೆ. ಫೋನ್ ಬಿಸಿಯಾಗುತ್ತಿದೆಯೇ, ಬ್ಯಾಟರಿ ಬೇಗ ಬರಿದಾಗುತ್ತಿದೆಯೇ, ಕರೆಗಳು ತುಂಡಾಗುತ್ತಿವೆಯೇ ಎಂದು ಗಮನಿಸುತ್ತಾರೆ. ದೋಷ ಕಂಡರೆ ಅಲ್ಲಿಗೇ ನಿಲ್ಲಿಸುತ್ತಾರೆ. ಇಲ್ಲವಾದರೆ ಹಂತ ಹಂತವಾಗಿ ಸಂಖ್ಯೆಯನ್ನು ಹೆಚ್ಚಿಸುತ್ತಾರೆ. ಅನೇಕ ಫೋನ್‌ಗಳಲ್ಲಿ ಆ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ನಮ್ಮ ಸರದಿ ಒಂದು ಹೆಜ್ಜೆಯೂ ಮುಂದೆ ಬರುವುದಿಲ್ಲ.

ಇಷ್ಟು ತಿಳಿದಿದ್ದೂ ನಾನು ಒತ್ತುತ್ತಲೇ ಇದ್ದೆ. ಇದೇ ಮಾದರಿಯ ಫೋನನ್ನು ಮಂಗಳೂರಿನಲ್ಲಿ ಕೊಂಡಿದ್ದ ಗೆಳೆಯನಿಗೆ ಫೆಬ್ರವರಿಯ ಆರಂಭದಲ್ಲೇ ಅಪ್‌ಡೇಟ್ ಬಂದಿತು. ಜುಮಾ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವಾಗ ಅವನು ಅದನ್ನು ತೋರಿಸಿದ. ನನ್ನದು ಕೊಲ್ಲಿ ಪ್ರದೇಶದ ಆವೃತ್ತಿಯಾದ್ದರಿಂದ ಅದರ ಸರದಿ ಬೇರೆ. ಆ ಮಧ್ಯಾಹ್ನ ನನ್ನ ಮನಸ್ಸಿನಲ್ಲಿ ಸುಳಿದದ್ದು ಅಸೂಯೆಯೇ ಆಗಿತ್ತೆಂದು ಒಪ್ಪಿಕೊಳ್ಳದೆ ವಿಧಿಯಿಲ್ಲ. ಕೆಲವೇ ನಿಮಿಷಗಳ ಹಿಂದೆ ಕೇಳಿದ ಖುತ್ಬಾದ ವಿಷಯ ಏನೆಂದು ಯಾರಾದರೂ ಕೇಳಿದ್ದರೆ ಉತ್ತರಿಸಲಾಗುತ್ತಿರಲಿಲ್ಲ.

ಈ ನಡುವೆ ಉಮ್ಮ ಎರಡು ಬಾರಿ ಕೇಳಿದರು. ಮೊದಲ ಸಲ, "ಆ ಫೋನ್ ಯಾವಾಗ ಕೊಡುತ್ತೀ?" ಎಂದರು. "ಸ್ವಲ್ಪ ತಾಳಿ, ಅದು ಸಿದ್ಧವಾಗುತ್ತಿದೆ" ಎಂದೆ. ಎರಡನೆಯ ಸಲ, "ನಿನ್ನ ಫೋನಿನಲ್ಲೇ ಅಕ್ಕನನ್ನು ಒಮ್ಮೆ ತೋರಿಸು" ಎಂದರು. ಅದು ಅರ್ಧ ನಿಮಿಷದ ಕೆಲಸ. ಕುವೈತಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದಿದೆ. ನಮ್ಮ ಇಶಾದ ಹೊತ್ತಿಗೆ ಅಲ್ಲಿ ಸಂಜೆ, ದೊಡ್ಡಮ್ಮ ಎಚ್ಚರವಾಗಿಯೇ ಇರುತ್ತಿದ್ದರು. ಆದರೂ ನಾನು ಹೇಳಿದೆ, "ಮುಂದಿನ ವಾರ ನಿಮ್ಮದೇ ಫೋನ್ ಬರುತ್ತದೆ ಉಮ್ಮ. ಆಗ ದಿನವೂ ನೋಡಬಹುದು." ಉಮ್ಮ ಮರುಮಾತಾಡಲಿಲ್ಲ.

ಶಅಬಾನ್ ತಿಂಗಳ ಕೊನೆಯ ದಿನಗಳಲ್ಲಿ ಒಂದು ರಾತ್ರಿ ಕುವೈತಿನಿಂದ ಕರೆ ಬಂತು. ದೊಡ್ಡಮ್ಮ ಮಗ್ರಿಬ್ ನಮಾಝ್ ಮಾಡಿ ಮಲಗಿದವರು ಮತ್ತೆ ಏಳಲಿಲ್ಲ. ಉಮ್ಮ 'ಇನ್ನಾಲಿಲ್ಲಾಹ್' ಎಂದು ಹೇಳಿ ಬಹಳ ಹೊತ್ತು ಮೌನವಾಗಿ ಕುಳಿತಿದ್ದರು. ನನ್ನ ಮೇಲೆ ಒಂದು ಆಕ್ಷೇಪದ ನುಡಿಯೂ ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ದಫನ ಅಲ್ಲಿಯೇ ನಡೆಯಿತು. ಐದು ವರ್ಷ ಕಾದ ತಂಗಿಗೆ ಅಕ್ಕನ ಮುಖ ಕಾಣಲಿಲ್ಲ. ಆ ಮುಖವನ್ನು ತೋರಿಸಬಲ್ಲ ಫೋನ್ ಎರಡು ತಿಂಗಳಿನಿಂದ ಅದೇ ಮನೆಯ ಮೇಜಿನ ಮೇಲೆ ಯಾವ ದೋಷವೂ ಇಲ್ಲದೆ ಬಿದ್ದಿತ್ತು.

ಮರಣಕ್ಕೆ ನಿಗದಿತ ಸಮಯವಿದೆ, ಅದು ಒಂದು ಕ್ಷಣ ಮುಂದಕ್ಕೂ ಹೋಗದು, ಹಿಂದಕ್ಕೂ ಸರಿಯದು ಎಂಬುದು ನಮ್ಮ ವಿಶ್ವಾಸ. ದೊಡ್ಡಮ್ಮನ ಮರಣವನ್ನು ನಾನು ತಡೆಯಲಾಗುತ್ತಿರಲಿಲ್ಲ. ಆದರೆ ಅದಕ್ಕಿಂತ ಮೊದಲಿನ ಅರವತ್ತು ಸಂಜೆಗಳು ನನ್ನ ಕೈಯಲ್ಲಿದ್ದವು. ಅವುಗಳ ಲೆಕ್ಕ ವಿಧಿಯ ಮೇಲೆ ಹೊರಿಸುವಂಥದ್ದಲ್ಲ, ನಾನೇ ಕೊಡಬೇಕಾದದ್ದು.

ಹಾಗಾದರೆ ನನ್ನ ತಪ್ಪು ಕಾದದ್ದೇ? ಈ ಪ್ರಶ್ನೆ ಆ ರಾತ್ರಿಗಳಲ್ಲಿ ನನ್ನನ್ನು ಬಹಳ ಕಾಡಿತು. ಇಸ್ಲಾಮ್ ಕಾಯುವಿಕೆಯನ್ನು ಹೀನವೆಂದು ಕಾಣುವುದಿಲ್ಲ. ಮಸೀದಿಯಲ್ಲಿ ಮುಂದಿನ ನಮಾಝ್‌ಗಾಗಿ ಕಾಯುತ್ತಾ ಕುಳಿತವನು ಆ ಹೊತ್ತೆಲ್ಲ ನಮಾಝ್‌ನಲ್ಲಿಯೇ ಇರುವಂತೆ ಪ್ರತಿಫಲ ಪಡೆಯುತ್ತಾನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಪ್ರವಾದಿ ಯಅಖೂಬ್(ಅ) ತಮ್ಮ ಪ್ರೀತಿಯ ಮಗನಿಗಾಗಿ ದೀರ್ಘಕಾಲ ಕಾದರು, ಅವರ ಸಹನೆಯನ್ನು ಕುರ್‌ಆನ್ ನಮಗೆ ಮಾದರಿಯಾಗಿ ಇರಿಸಿದೆ. ಕಾಯುವುದೇ ತಪ್ಪಾಗಿದ್ದರೆ ಇವೆಲ್ಲ ಪುಣ್ಯವಾಗುವುದು ಹೇಗೆ?

ಉತ್ತರ ದೊರೆತದ್ದು ರಮಝಾನ್‌ನ ಮೊದಲ ದಿನಗಳಲ್ಲಿ, ಅಲ್ ಬಕರಃ ಅಧ್ಯಾಯದ ಪಾರಾಯಣದ ವೇಳೆ. ಕಿಬ್ಲಾ ಬದಲಾವಣೆಯ ಸೂಕ್ತಗಳು ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ದಿವ್ಯಬೋಧನೆಯನ್ನು ಯಂತ್ರವೊಂದರ ತಂತ್ರಾಂಶಕ್ಕೆ ಹೋಲಿಸುವ ಉದ್ಧಟತನ ಖಂಡಿತ ನನ್ನದಲ್ಲ. ಆದರೆ ಕಾಯುವುದು ಹೇಗೆ ಎಂಬ ಪಾಠ ಅಲ್ಲಿದೆ.

ಮದೀನಾಕ್ಕೆ ಹಿಜ್‌ರತ್ ಮಾಡಿದ ಬಳಿಕ 16 ಅಥವಾ 17 ತಿಂಗಳ ಕಾಲ ಪ್ರವಾದಿವರ್ಯರು(ಸ) ಬೈತುಲ್ ಮುಕದ್ದಸ್‌ನತ್ತ ಮುಖಮಾಡಿ ನಮಾಝ್ ನಿರ್ವಹಿಸಿದರು. ಅವರ ಮನಸ್ಸು ಕಅಬಾವನ್ನು ಬಯಸುತ್ತಿತ್ತು. ಆ ಆದೇಶಕ್ಕಾಗಿ ಅವರು ಮತ್ತೆ ಮತ್ತೆ ಆಕಾಶದತ್ತ ಮುಖವೆತ್ತಿ ನೋಡುತ್ತಿದ್ದರು. ಅಷ್ಟು ತೀವ್ರವಾದ ನಿರೀಕ್ಷೆ ಅದು. ಆದರೆ ಗಮನಿಸಿ, ಆ ತಿಂಗಳುಗಳಲ್ಲಿ ಒಂದೇ ಒಂದು ನಮಾಝ್ ನಿಲ್ಲಲಿಲ್ಲ. ಹೊಸ ಕಿಬ್ಲಾ ಬರಲಿ, ಆಮೇಲೆ ಸರಿಯಾಗಿ ನಮಾಝ್ ಮಾಡೋಣ ಎಂದು ಯಾರೂ ಹೇಳಲಿಲ್ಲ. ಅಂದು ತಿಳಿದಿದ್ದ ದಿಕ್ಕಿನಲ್ಲಿ ಅಂದಿನ ನಮಾಝ್ ಅಂದೇ ಪೂರ್ಣ ಭಕ್ತಿಯಿಂದ ನಡೆಯಿತು.

ಆದೇಶ ಬಂದಾಗ ಅದು ಎಲ್ಲರಿಗೂ ಒಂದೇ ಗಳಿಗೆಯಲ್ಲಿ ತಲುಪಲಿಲ್ಲ. ಕುಬಾದ ಜನರಿಗೆ ಸುದ್ದಿ ಮುಟ್ಟಿದ್ದು ಅವರು ಸುಬಹ್ ನಮಾಝ್‌ನಲ್ಲಿ ನಿಂತಿದ್ದಾಗ. ಅವರು ನಮಾಝ್‌ನಲ್ಲಿಯೇ ಕಅಬಾದತ್ತ ತಿರುಗಿದರು. ಮೊದಲೇ ಏಕೆ ತಿಳಿಸಲಿಲ್ಲವೆಂದು ದೂರಲಿಲ್ಲ, ಈ ನಮಾಝ್ ಮುಗಿಯಲಿ ಎಂದು ಮುಂದೂಡಲೂ ಇಲ್ಲ. ಇನ್ನು ಕೆಲವರು ಹೊಸ ಕಿಬ್ಲಾ ಬರುವ ಮೊದಲೇ ಇಹಲೋಕ ತ್ಯಜಿಸಿದ್ದರು. ಅವರ ನಮಾಝ್‌ಗಳ ಗತಿಯೇನು ಎಂಬ ಕಳವಳ ಉಳಿದವರನ್ನು ಕಾಡಿದಾಗ, ಅಲ್ಲಾಹನು ಅವರ ವಿಶ್ವಾಸವನ್ನು ವ್ಯರ್ಥಗೊಳಿಸಲಾರನೆಂದು ಕುರ್‌ಆನ್ ಸಾಂತ್ವನ ನೀಡಿತು. ಹೊಸ ದಿಕ್ಕನ್ನು ಕಾಣದೆ ಹೋದವರು ಏನನ್ನೂ ಕಳೆದುಕೊಳ್ಳಲಿಲ್ಲ. ಏಕೆಂದರೆ ಅವರು ತಮ್ಮ ಪಾಲಿನ ದಿನದ ಕರ್ತವ್ಯವನ್ನು ನಾಳೆಯ ಹೆಸರಿನಲ್ಲಿ ಬಾಕಿ ಉಳಿಸಿರಲಿಲ್ಲ.

ನನ್ನ ತಪ್ಪು ಇಲ್ಲಿತ್ತು. ಕಾದದ್ದು ತಪ್ಪಲ್ಲ. ಬರಲಿರುವ ಉತ್ತಮವನ್ನು ನೆಪವಾಗಿಸಿ ಕೈಯಲ್ಲಿದ್ದ ಒಳಿತನ್ನು ನಿಲ್ಲಿಸಿದ್ದು ತಪ್ಪು. ಆ ಹಳೆಯ ಆವೃತ್ತಿಯಲ್ಲೇ ದೊಡ್ಡಮ್ಮನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

ಸೋಜಿಗವೆಂದರೆ ಈ ಪಾಠ ಆ ಫೋನಿನೊಳಗೂ ಇತ್ತು. 2016ರ ಆಂಡ್ರಾಯ್ಡ್ 7ರಿಂದ ಬಂದಿರುವ ಒಂದು ವ್ಯವಸ್ಥೆಯಲ್ಲಿ ಕಾರ್ಯಾಚರಣಾ ವ್ಯವಸ್ಥೆಗೆ ಎರಡು ಕೋಣೆಗಳಿರುತ್ತವೆ. ಫೋನ್ ಒಂದು ಕೋಣೆಯಿಂದ ಎಂದಿನಂತೆ ಕೆಲಸ ಮಾಡುತ್ತಿರುವಾಗಲೇ ಹೊಸ ಆವೃತ್ತಿ ಸದ್ದಿಲ್ಲದೆ ಇನ್ನೊಂದು ಕೋಣೆಯಲ್ಲಿ ಸಿದ್ಧವಾಗುತ್ತದೆ. ಕರೆಗಳು ನಿಲ್ಲುವುದಿಲ್ಲ, ಸಂದೇಶಗಳು ನಿಲ್ಲುವುದಿಲ್ಲ. ಎಲ್ಲವೂ ಅಣಿಯಾದ ಮೇಲೆ ಒಮ್ಮೆ ಆರಿಸಿ ಹೊತ್ತಿಸಿದರೆ ಸಾಕು. ಹೊಸದು ಸರಿಯಾಗಿ ಏಳದಿದ್ದರೆ ಫೋನ್ ಹಳೆಯದಕ್ಕೇ ಮರಳುತ್ತದೆ. ನನ್ನ ಫೋನೂ ಅಂಥದ್ದೇ. ಹೊಸದರ ನಿರೀಕ್ಷೆಯಲ್ಲಿ ಅದು ಒಂದು ಗಳಿಗೆಯೂ ತನ್ನ ಕೆಲಸ ನಿಲ್ಲಿಸಿರಲಿಲ್ಲ. ನಿಲ್ಲಿಸಿದವನು ನಾನು.

ಅಪ್‌ಡೇಟ್ ಬಂದದ್ದು ರಮಝಾನ್‌ನ ಎರಡನೆಯ ವಾರದಲ್ಲಿ, ಸಹ್ರಿಯ ಹೊತ್ತಿನಲ್ಲಿ. ಪರದೆಯ ಮೇಲೆ ಸೂಚನೆ ತಾನಾಗಿಯೇ ಮೂಡಿತ್ತು. ಎರಡು ತಿಂಗಳು ನಾನು ಒತ್ತಿದ ಗುಂಡಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸುಬಹ್ ಮುಗಿಸಿ ಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಕೆಲವು ಗುರುತುಗಳ ಆಕಾರ ಬದಲಾಗಿತ್ತು. ಖಾಸಗಿ ಆ್ಯಪ್‌ಗಳನ್ನು ಬೇರೆಯಾಗಿ ಬೀಗ ಹಾಕಿಡುವ ಸೌಲಭ್ಯವೊಂದು ಸೇರಿತ್ತು. ವೀಡಿಯೊ ಕರೆಯ ಗುಂಡಿ ಮಾತ್ರ ಮೊದಲಿದ್ದ ಜಾಗದಲ್ಲೇ ಇತ್ತು.

ಅದೇ ಬೆಳಗ್ಗೆ ಫೋನನ್ನು ಉಮ್ಮನಿಗೆ ಕೊಟ್ಟೆ, ಕ್ಷಮೆಯನ್ನೂ ಕೇಳಿದೆ. ಅವರು ಸ್ವಲ್ಪ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದು, "ಕುವೈತಿಗೆ ಹಚ್ಚು" ಎಂದರು. ದೊಡ್ಡಮ್ಮನ ಮಗ ಪರದೆಯಲ್ಲಿ ಕಾಣಿಸಿಕೊಂಡಾಗ ಉಮ್ಮ ಕೇಳಿದ್ದು ಒಂದೇ, "ಅವಳು ನಮಾಝ್ ಮಾಡುತ್ತಿದ್ದ ಜಾಗ ತೋರಿಸು ಮಗನೇ." ಅವನು ಫೋನನ್ನು ಕೋಣೆಯೊಳಗೆ ಒಯ್ದ. ಕಿಟಕಿಯ ಬಳಿ ಮಡಚಿಟ್ಟ ಮುಸಲ್ಲಾ, ಅದರ ಮೇಲೊಂದು ತಸ್ಬೀಹ್. ಉಮ್ಮ ಅದನ್ನು ಬಹಳ ಹೊತ್ತು ನೋಡಿದರು. ನಾನು ಹೊರಗೆ ನಡೆದೆ.

ಸಹೋದರ ಸಹೋದರಿಯರೇ, ನಮ್ಮಲ್ಲಿ ಪ್ರತಿಯೊಬ್ಬರೂ ಯಾವುದೋ ಒಂದಕ್ಕಾಗಿ ಕಾಯುತ್ತಿದ್ದೇವೆ. ಸಾಲ ತೀರಲಿ, ಆಮೇಲೆ ದಾನ ಮಾಡೋಣ. ನಿವೃತ್ತಿಯಾಗಲಿ, ಆಮೇಲೆ ಕುರ್‌ಆನ್ ಕಲಿಯೋಣ. ಮನಸ್ಸು ತಿಳಿಯಾಗಲಿ, ಆಮೇಲೆ ಮುನಿಸಿಕೊಂಡ ತಮ್ಮನ ಮನೆಗೆ ಹೋಗೋಣ. ಈ 'ಆಮೇಲೆ'ಗಳ ಸರದಿಯನ್ನು ಯಾವ ಗುಂಡಿಯೂ ಮುಂದೆ ತರುವುದಿಲ್ಲ. ಆದರೆ ತೌಬಾದ ಬಾಗಿಲಿಗೆ ಸರದಿಯಿಲ್ಲ. ಕುಟುಂಬ ಸಂಬಂಧ ಜೋಡಿಸುವುದಕ್ಕೆ ಹೊಸ ಆವೃತ್ತಿ ಬೇಕಿಲ್ಲ. ಇಂದು ತಿಳಿದಿರುವ ದಿಕ್ಕಿನಲ್ಲಿ ಇಂದಿನ ಒಳಿತನ್ನು ಇಂದೇ ಮಾಡಿ ಮುಗಿಸೋಣ. ನಾಳೆ ಅದಕ್ಕಿಂತ ಉತ್ತಮವಾದುದು ತಲುಪಿದರೆ ಕುಬಾದವರಂತೆ ನಿಂತಲ್ಲಿಯೇ ಅದರತ್ತ ತಿರುಗೋಣ.

ನನ್ನ ದೊಡ್ಡಮ್ಮನಿಗಾಗಿ ತಾವೂ ದುಆ ಮಾಡಬೇಕೆಂದು ವಿನಂತಿಸುತ್ತೇನೆ. ಅಲ್ಲಾಹನು ಅವರ ಕಬ್ರನ್ನು ವಿಶಾಲಗೊಳಿಸಲಿ. ಇಹಲೋಕದಲ್ಲಿ ಮುಖ ಕಾಣದೆ ಅಗಲಿದ ಆ ಅಕ್ಕತಂಗಿಯರನ್ನು ಸ್ವರ್ಗದಲ್ಲಿ ಒಂದುಗೂಡಿಸಲಿ. ಹಕ್ಕುಗಳು ಕೈ ಜಾರುವ ಮೊದಲೇ ಅವುಗಳನ್ನು ಗುರುತಿಸುವ ಕಣ್ಣನ್ನು ನಮಗೆ ದಯಪಾಲಿಸಲಿ. ಆಮೀನ್.