ಕಾಕಾನ ಹದಿನಾಲ್ಕು ಪ್ಲೇಟು

ರಾಮದುರ್ಗದ ಕಾಕಾ ತನ್ನ ಗ್ರಾಮೋಫೋನ್ ಪ್ಲೇಟುಗಳನ್ನು ಮುಂದಿಟ್ಟು ನನ್ನನ್ನು ಕೇಳಿದ್ದು ಒಂದೇ ಮಾತು: "ಇವು ಇನ್ನೂ ಹಾಡತಾವೇನಪಾ?" "ಇಲ್ಲ ಕಾಕಾ, ಪೂರಾ ಸವದಾವ," ಅಂದುಬಿಟ್ಟೆ. ಅದು ಸುಳ್ಳಾಗಿತ್ತು. ಸುಳ್ಳೆಂದು ಆಗ ನನಗೆ ತಿಳಿದಿರಲಿಲ್ಲ, ನಿಜ. ಆದರೆ ತಿಳಿಯದೆ ಹೇಳಿದೆನಲ್ಲ, ಆ ತಪ್ಪು ಎರಡು ವರ್ಷದಿಂದ ಎದೆಯಲ್ಲಿ ಕುಟುಕುತ್ತಿದೆ.

ಕಿತ್ತೂರಿನಲ್ಲಿ ಬ್ಯಾಂಕಿನ ನೌಕರಿ ಮುಗಿಸಿ ಬೈಲಹೊಂಗಲದ ಮನೆಗೆ ಬಂದ ವರ್ಷ, ಬಹುದಿನದ ಆಸೆಯ ಟರ್ನ್‌ಟೇಬಲ್ ಕೊಂಡೆ. ಬರೀ ತಿರುಗುವ ತಟ್ಟೆ. ಅದರ ತೋಳು, ಅಂದರೆ ಟೋನ್‌ಆರ್ಮ್, ಮತ್ತು ತೋಳಿನ ತುದಿಗೆ ಸೂಜಿ ಹಿಡಿಯುವ ಕಾರ್ಟ್ರಿಜ್ ಎರಡನ್ನೂ ನಾವೇ ಆರಿಸಿ ಕೂಡಿಸಬೇಕು. ಎರಡು ತಿಂಗಳು ನನಗೆ ಬೇರೆ ಧ್ಯಾನವಿರಲಿಲ್ಲ. ತೋಳು ಒಂಬತ್ತು ಇಂಚಿನದೋ, ಹನ್ನೆರಡರದೋ? ಡೆನಾನ್ ಡಿಎಲ್-103 ಕಾರ್ಟ್ರಿಜ್ ಬೇಕೆಂದರೆ ಅದರ ಸೂಜಿಯ ಕಡ್ಡಿ ಬಿಗಿ, ಭಾರದ ತೋಳೇ ಆಗಬೇಕು. ಎಸ್‌ಎಂಇ 3009ರಂಥ ಹಗುರ ತೋಳಾದರೆ ಮೆತ್ತಗೆ ಬಳುಕುವ ಕಾರ್ಟ್ರಿಜ್ ಹುಡುಕಬೇಕು. ತೋಳಿನ ಭಾರ, ಕಡ್ಡಿಯ ಬಳುಕು ಎರಡೂ ಕೂಡಿ ತಮ್ಮದೇ ಒಂದು ಕಂಪನ ಹುಟ್ಟಿಸುತ್ತವೆ. ಅದು 8ರಿಂದ 12 ಹರ್ಟ್ಸ್‌ನೊಳಗೆ ಬಿದ್ದರೆ ಸರಿ. ಕೆಳಗಿಳಿದರೆ ಪ್ಲೇಟಿನ ಡೊಂಕಿಗೆಲ್ಲ ತೋಳು ಕುಣಿಯುತ್ತದೆ, ಮೇಲೇರಿದರೆ ಹಾಡಿನ ಮಂದ್ರವನ್ನೇ ಕೆಡಿಸುತ್ತದೆ. ನೋಟುಬುಕ್ಕಿನ ಪುಟಗಟ್ಟಲೆ ಲೆಕ್ಕ ಹಾಕಿ, ಕೊನೆಗೆ ಭಾರದ ತೋಳಿಗೆ ಡಿಎಲ್-103 ಕೂಡಿಸಿದೆ. ಸೂಜಿಯ ಒತ್ತಡ 2.5 ಗ್ರಾಂ ಇರಬೇಕು. ಅದಕ್ಕೆಂದೇ ಪುಟ್ಟ ತಕ್ಕಡಿ ತರಿಸಿದೆ.

ಸುದ್ದಿ ಕೇಳಿ ಕಾಕಾ ಬಂದ. ಭಾರತ ಹುಣ್ಣಿಮೆಯ ದಿನಗಳು. ಸವದತ್ತಿಯ ಬಸ್ಸುಗಳೆಲ್ಲ ಎಲ್ಲಮ್ಮನ ಭಕ್ತರಿಂದ ತುಂಬಿದ್ದವು. ಆ ಗದ್ದಲದಲ್ಲಿ ಟ್ರಂಕನ್ನು ತೊಡೆಯ ಮೇಲಿಂದ ಇಳಿಸದೆ ತಂದಿದ್ದ. ಮಗ್ಗದ ಮನುಷ್ಯ. ಹದಿನಾಲ್ಕು ಪ್ಲೇಟುಗಳಿಗೂ ಸೀರೆಯ ತುಂಡು ಸುತ್ತಿ, ನಾಲ್ಕೂ ತುದಿ ಕೂಡಿಸಿ ಒಂದೇ ನಮೂನೆಯ ಗಂಟು ಹಾಕಿದ್ದ. ಎಲ್ಲವೂ 78ರ ವೇಗದ ಅರಗಿನ ಪ್ಲೇಟುಗಳು, ಮಗ್ಗಲಿಗೆ ಮೂರು ನಿಮಿಷದ ಹಾಡು.

ನಾನು ಹಚ್ಚಿದ್ದು ಮೂರೇ ಪ್ಲೇಟು, ಒಂದೊಂದು ಅರ್ಧ ನಿಮಿಷ. ಕಾದ ಎಣ್ಣೆಗೆ ಸಾಸಿವೆ ಬಿದ್ದಂಥ ಸದ್ದು, ಅದರ ಹಿಂದೆಲ್ಲೋ ಒಂದು ದನಿ. ಉಳಿದ ಗಂಟುಗಳನ್ನು ಬಿಚ್ಚಲೂ ಇಲ್ಲ. ಕೇಳಿದ ಮೂರರಲ್ಲಿ ಲೇಬಲ್ ಚೆನ್ನಾಗಿದ್ದ ಎರಡನ್ನು ಗೋಡೆಗೆ ತೂಗುಹಾಕಲು ಕೇಳಿ ಇಟ್ಟುಕೊಂಡೆ. "ಹಂಗಾರ ಉಳಿದವನ್ನ ಇಟ್ಟು ಏನ ಮಾಡೂದು," ಅಂದ ಕಾಕಾ ಹನ್ನೆರಡನ್ನೂ ವಾಪಸು ಒಯ್ದು ಗುಜರಿಗೆ ಹಾಕಿದ.

ಆಮೇಲೆ ಗೊತ್ತಾಯಿತು. ಡಿಎಲ್-103ರ ಸೂಜಿಯ ಮೊನೆ 17 ಮೈಕ್ರಾನಿಗೂ ಸಣ್ಣದು, ಎಲ್‌ಪಿ ಪ್ಲೇಟಿನ ಸಣ್ಣ ಗೀರಿಗೆಂದು ಮಾಡಿದ್ದು. 78ರ ಗೀರು ಅಗಲ. ಅದಕ್ಕೆ ಸುಮಾರು 75 ಮೈಕ್ರಾನಿನ ಮೊನೆ ಬೇಕು. ಸಣ್ಣ ಸೂಜಿ ಗೀರಿನ ತಳಕ್ಕೆ ಬಿದ್ದು ಅಲ್ಲಿನ ಧೂಳು, ಕಸವನ್ನು ಕೆರೆಯುತ್ತಿತ್ತು. ಹಾಡು ಇದ್ದದ್ದು ಮೇಲೆ, ಗೀರಿನ ಗೋಡೆಗಳಲ್ಲಿ. ಗ್ರಾಂನ ಹತ್ತರಲ್ಲೊಂದು ಭಾಗವನ್ನೂ ತೂಗಿದವನು ಗೀರು ಎಷ್ಟು ಅಗಲ ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆಡಿಯೋ-ಟೆಕ್ನಿಕಾದ್ದೊಂದು ಕಾರ್ಟ್ರಿಜ್ ತರಿಸಿದೆ, 78ಕ್ಕೆಂದೇ ಇರುವುದು. ನನ್ನ ಡೆನಾನ್‌ಗಿಂತ ಅಗ್ಗ. ಒತ್ತಡ 5 ಗ್ರಾಂಗೆ ಇಟ್ಟು, ಗೋಡೆಯಿಂದ ಒಂದು ಪ್ಲೇಟು ಇಳಿಸಿ ಹಚ್ಚಿದೆ. ಲೇಬಲ್ ಮೇಲೆ ಗಾಂಧಾರಿ ಹುಬಳಿಕರ ಎಂದಿತ್ತು. ಕಾಕಾ ತಂದ ದಿನ ಯಾರೋ ಗಾಂಧಾರಿ ಅಂದುಕೊಂಡು ಬಿಟ್ಟಿದ್ದೆ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳು ಬಂದದ್ದೇ ಆ ಹೆಸರಿನಲ್ಲಿ. ಸರಸರ ಸದ್ದು ಇದ್ದೇ ಇತ್ತು, ಆದರೆ ದನಿ ಅದರ ಮುಂದೆ ಬಂದು ನಿಂತಿತು. ನಾವೆಲ್ಲ ರೇಡಿಯೋದಲ್ಲಿ ಕೇಳಿ ಬೆಳೆದ ಆ ಗಡುಸಾದ ದನಿಯಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯಿಂದ ಅವರ ದನಿ ಬದಲಾಗುವುದಕ್ಕೂ ಹಿಂದಿನ ಎಳೆಯ, ಎತ್ತರದ ದನಿ. ಮೂರು ನಿಮಿಷ ನಾನು ಕೂತಲ್ಲಿಂದ ಏಳಲಿಲ್ಲ. ಮುಗಿದ ಮೇಲೆ ಆ ಹನ್ನೆರಡು ಗಂಟುಗಳು ಕಣ್ಣೆದುರು ಬಂದವು.

ಯಾಕೆ ಹಾಗೆ ಹೇಳಿದೆ? ಮೂವತ್ತು ವರ್ಷ ಕೌಂಟರಿನ ಆಚೆ ನಿಂತವರ ಕಾಗದ ನೋಡಿ "ಆಗತೈತಿ", "ಆಗೂದಿಲ್ಲ" ಅಂತ ಹೇಳಿದ ನಾಲಿಗೆ ಇದು. ತಡೆದು "ನೋಡಿ ಹೇಳತೇನಿ" ಅನ್ನುವ ರೂಢಿ ಇರಲಿಲ್ಲ. ಕಾಕಾನ ಎದುರು ನಾನು ಬಲ್ಲವನಾಗಿ ಕಾಣಬೇಕಿತ್ತು. ಅಷ್ಟು ದುಡ್ಡು ಸುರಿದ ಯಂತ್ರದ ಮೇಲೆ ಸಂಶಯ ಪಡುವುದಕ್ಕಿಂತ ಬಡವನ ಪ್ಲೇಟಿನ ಮೇಲೆ ತಪ್ಪು ಹೊರಿಸುವುದು ಸುಲಭವಾಯಿತು. ಅದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ: ನಿಜ ತಿಳಿದ ಮೇಲೂ ಮೂರು ತಿಂಗಳು ರಾಮದುರ್ಗದ ಕಡೆ ಹೋಗಲಿಲ್ಲ.

ಕಡೆಗೆ ಹೋದೆ. ಹಾಡನ್ನು ಫೋನಿನಲ್ಲಿ ತುಂಬಿಕೊಂಡಿದ್ದೆ. ಎಲ್ಲ ಹೇಳಿದೆ, ಸೂಜಿಯ ಮಾತು, ಗುಜರಿಯ ಮಾತು. ಕಾಕಾ ಮಗ್ಗದ ಕುಣಿಯಲ್ಲಿ ಕೂತೇ ಕೇಳಿದ. ಫೋನನ್ನು ಕಿವಿಗೆ ಹಿಡಿದು ಹಾಡು ಮುಗಿಯುವವರೆಗೆ ಲಾಳಿ ಮುಟ್ಟಲಿಲ್ಲ. ಹನ್ನೆರಡರ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಇನ್ನೊಂದು ಮಗ್ಗಲಾ ಹಚ್ಚು," ಅಂದ.

ಅದನ್ನು ನಾನು ತುಂಬಿಕೊಂಡು ಹೋಗಿರಲಿಲ್ಲ.