ರಂಗನತಿಟ್ಟಿಗೆ ಎರಡು ಕ್ಯಾಮೆರಾ

ಮೈಸೂರಿನಿಂದ ಶ್ರೀರಂಗಪಟ್ಟಣದ ದಾರಿ ಹಿಡಿದು, ಪಟ್ಟಣ ಸೇರುವ ಮೊದಲೇ ಎಡಕ್ಕೆ ತಿರುಗಿದರೆ ಗದ್ದೆಗಳ ನಡುವಿನ ರಸ್ತೆಯೊಂದು ರಂಗನತಿಟ್ಟಿಗೆ ಕರೆದೊಯ್ಯುತ್ತದೆ. ತಿಟ್ಟು ಎಂದರೆ ದಿಬ್ಬ. ಹದಿನೇಳನೆಯ ಶತಮಾನದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿದರು. ಅದರ ಹಿಂದೆ ನೀರು ನಿಂತು ಹೊಳೆಯ ದಿಬ್ಬಗಳೆಲ್ಲ ನಡುಗಡ್ಡೆಗಳಾದವು. ಸುತ್ತ ನೀರು, ನೀರಿನಲ್ಲಿ ಮೊಸಳೆ. ಬೆಕ್ಕು, ನಾಯಿ, ಮನುಷ್ಯ ಯಾರೂ ಸುಲಭವಾಗಿ ದಾಟುವಂತಿಲ್ಲ. ಹಕ್ಕಿಗಳಿಗೆ ಇದಕ್ಕಿಂತ ಒಳ್ಳೆಯ ಬಾಣಂತಿ ಕೋಣೆ ಇನ್ನೆಲ್ಲಿ ಸಿಕ್ಕೀತು? ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದ ಸಲೀಂ ಅಲಿಯವರು ಇದನ್ನು ಕಂಡು, ಕಾಪಾಡಬೇಕೆಂದು ಒಡೆಯರ ಸರ್ಕಾರದ ಮನವೊಲಿಸಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವೂ ಆಯಿತು.

ಆದರೆ ಹಕ್ಕಿಯನ್ನು ಕಾಯುವ ಈ ನೀರೇ ಹಕ್ಕಿ ನೋಡಲು ಹೋದವರಿಗೆ ತೊಡಕು. ದೋಣಿ ನಡುಗಡ್ಡೆಯಿಂದ ಒಂದಿಷ್ಟು ದೂರದಲ್ಲಿ ನಿಲ್ಲುತ್ತದೆ. ಬಣ್ಣದ ಕೊಕ್ಕರೆ ಆಳುದ್ದಕ್ಕೆ ಅರ್ಧಕ್ಕಿಂತ ಎತ್ತರದ ಹಕ್ಕಿಯಾದರೂ ಮೊಬೈಲಿನ ಪರದೆಯಲ್ಲಿ ಸುಣ್ಣದ ಚುಕ್ಕೆಯಂತೆ ಕಾಣುತ್ತದೆ. ಹಕ್ಕಿ ನೋಡುವ ಚಟ ಹತ್ತಿಸಿಕೊಂಡ ಮಕ್ಕಳು ಮನೆಗೆ ಬಂದು "ಅಪ್ಪ, ಒಂದು ಕ್ಯಾಮೆರಾ ಬೇಕು" ಎನ್ನುವುದು ಸಾಮಾನ್ಯವಾಗಿ ಇಂಥ ಒಂದು ಪ್ರವಾಸದ ಮಾರನೆಯ ದಿನವೇ.

ನನ್ನ ಅಕ್ಕನ ಮಗಳೂ ಹಾಗೇ ಕೇಳಿದಳು. ಪ್ರಥಮ ಪಿಯುಸಿ ಮುಗಿಸಿದ ಹುಡುಗಿ. ಭಾವನವರ ಸಂಬಳ ಇಂಥ ಬೇಡಿಕೆಯನ್ನು ವರ್ಷಕ್ಕೊಮ್ಮೆ ಮಾತ್ರ ತಾಳಬಲ್ಲದು. ಅವರ ಮುಂದೆ ಎರಡು ದಾರಿ ಇದ್ದವು. ಬೀದಿಯ ಸ್ಟುಡಿಯೊದವರು ಮದುವೆ ಮನೆಗಳಲ್ಲಿ ದುಡಿಸಿದ ನಿಕಾನ್ ಡಿ300 ಕ್ಯಾಮೆರಾವನ್ನು, 70ರಿಂದ 300 ಮಿಲಿಮೀಟರಿನ ಲೆನ್ಸ್ ಸಹಿತ, ಮಾರುವುದಾಗಿ ಹೇಳಿದ್ದರು. ಇನ್ನೊಂದು, ಅದೇ ಕಂಪನಿಯ ಪಿ900. ನನ್ನ ಸಹೋದ್ಯೋಗಿಯೊಬ್ಬರ ಬಳಿ ಇತ್ತು, ಅಂಥದ್ದನ್ನು ಕೊಳ್ಳಬಹುದೇ ಎಂದು ಯೋಚನೆ. ಎರಡನ್ನೂ ಎರಡು ದಿನದ ಮಟ್ಟಿಗೆ ಎರವಲು ಪಡೆದು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಹೊರಟೆವು.

ಹೊರಡುವ ಮುನ್ನ ಎರಡರ ಜಾತಕ ನೋಡಿಬಿಡೋಣ. ಡಿ300 ಬಂದದ್ದು 2007ರಲ್ಲಿ. ಆಗ ಅದು ವೃತ್ತಿಪರರ ಕ್ಯಾಮೆರಾ. ಅಮೆರಿಕದಲ್ಲಿ ಲೆನ್ಸ್ ಇಲ್ಲದೆ ಬರಿಯ ಮೈಗೇ 1,800 ಡಾಲರ್ ಬೆಲೆ. ಮೆಗ್ನೀಸಿಯಂ ಮಿಶ್ರಲೋಹದ ಮೈ, 12 ಮೆಗಾಪಿಕ್ಸೆಲ್, ಒಳಗೆ ಕನ್ನಡಿ. ಲೆನ್ಸಿನೊಳಗಿಂದ ಬಂದ ಬೆಳಕನ್ನು ಕನ್ನಡಿ ಮತ್ತು ಪಟ್ಟಕ ನೇರವಾಗಿ ನಮ್ಮ ಕಣ್ಣಿಗೆ ತಲುಪಿಸುತ್ತವೆ. ಪಿ900 ಬಂದದ್ದು 2015ರಲ್ಲಿ, 600 ಡಾಲರಿಗೆ. ಇದನ್ನು ಬ್ರಿಜ್ ಕ್ಯಾಮೆರಾ ಎನ್ನುತ್ತಾರೆ. ಜೇಬಿನ ಕ್ಯಾಮೆರಾಕ್ಕೂ ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾಕ್ಕೂ ನಡುವಿನ ಸೇತುವೆ ಎಂದು ಅರ್ಥ. ಲೆನ್ಸ್ ಬಿಚ್ಚಲು ಬರುವುದಿಲ್ಲ, ಕನ್ನಡಿ ಇಲ್ಲ. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಇರುವುದು ಪುಟ್ಟ ಟಿವಿ ಪರದೆ. ಆದರೆ 83 ಪಟ್ಟು ಜೂಮ್! ಹಳೆಯ ಫಿಲಂ ಕ್ಯಾಮೆರಾದ ಲೆಕ್ಕದಲ್ಲಿ ಹೇಳುವುದಾದರೆ 24ರಿಂದ 2000 ಮಿಲಿಮೀಟರ್‌ವರೆಗೆ. ಅದೇ ಲೆಕ್ಕದಲ್ಲಿ ಡಿ300ರ 300 ಮಿಲಿಮೀಟರ್ ಲೆನ್ಸ್ 450ಕ್ಕೇ ನಿಂತುಬಿಡುತ್ತದೆ. ತೂಕದಲ್ಲೂ ಪಿ900 ಒಂದು ಕಿಲೋ ಒಳಗೆ. ಹಳೆಯದು ಲೆನ್ಸ್ ಸೇರಿ ಒಂದೂವರೆ ಕಿಲೋ ದಾಟುತ್ತದೆ.

ಕಾಗದದ ಮೇಲೆ ಪೈಪೋಟಿಯೇ ಇಲ್ಲ ಅನ್ನಿಸುತ್ತದೆ. ಭಾವನವರಿಗೂ ಹಾಗೇ ಅನ್ನಿಸಿತ್ತು.

ದೋಣಿ ಹೊರಟಿತು. ಮಾರ್ಚಿ ಎಂದರೆ ರಂಗನತಿಟ್ಟಿನ ತುಂಬು ಸಂಸಾರದ ಕಾಲ. ಮರಗಳ ನೆತ್ತಿಯ ಮೇಲೆ ಬಣ್ಣದ ಕೊಕ್ಕರೆಗಳು, ಅವುಗಳ ನಡುವೆ ಹೆಜ್ಜಾರ್ಲೆ, ಚಮಚದಂಥ ಕೊಕ್ಕಿನ ಬಿಳಿಯ ಹಕ್ಕಿಗಳು, ಕೆಳಗಿನ ಕೊಂಬೆಗಳಲ್ಲಿ ರೆಕ್ಕೆ ಹರಡಿ ಒಣಗಿಸುವ ನೀರುಕಾಗೆಗಳು. ಬರಿಯ ಬಂಡೆಗಳ ಮೇಲೆ ನದಿ ರೀವಗಳು. ಇವು ಗೂಡು ಕಟ್ಟುವ ತೊಂದರೆಯನ್ನೇ ತೆಗೆದುಕೊಳ್ಳದೆ ಕಲ್ಲಿನ ತಗ್ಗಿನಲ್ಲಿ ಮೊಟ್ಟೆ ಇಟ್ಟುಬಿಡುತ್ತವೆ. ಬಂಡೆಯ ಇನ್ನೊಂದು ತುದಿಯಲ್ಲಿ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆ.

ಹುಡುಗಿ ಮೊದಲು ಎತ್ತಿದ್ದು ಹೊಸ ಕ್ಯಾಮೆರಾವನ್ನು. ಗುಂಡಿ ಒತ್ತಿದಂತೆ ಲೆನ್ಸು ದೂರದರ್ಶಕದ ಹಾಗೆ ಉದ್ದವಾಯಿತು. "ಚಿಕ್ಕಮ್ಮಾ, ಕಣ್ಣಿನ ಸುತ್ತಲಿನ ಚರ್ಮದ ಸುಕ್ಕೂ ಕಾಣುತ್ತೆ!" ಎಂದಳು. ನಾನೂ ನೋಡಿದೆ. ಗೂಡಿನ ಅಂಚಿನಲ್ಲಿ ತಾಯಿ ಕೊಕ್ಕರೆ ಸೂರ್ಯನಿಗೆ ಬೆನ್ನು ಮಾಡಿ ಎರಡೂ ರೆಕ್ಕೆ ಅರ್ಧ ಬಿಚ್ಚಿ ನಿಂತಿತ್ತು. ಆ ನೆರಳಿನಲ್ಲಿ ಬೂದು ಬಣ್ಣದ ಎರಡು ಮರಿಗಳು. ಹಳೆಯ ಕ್ಯಾಮೆರಾದಲ್ಲಿ ಅದೇ ದೃಶ್ಯ ತೆಗೆದಾಗ ಕಂಡದ್ದು ಇಡೀ ಮರ, ಅದರಲ್ಲೊಂದು ಗೂಡು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಪಿ900ರ ಲೆನ್ಸಿನ ನಿಜವಾದ ನಾಭಿದೂರ 2000 ಅಲ್ಲ, 357 ಮಿಲಿಮೀಟರ್. ಪೂರ್ತಿ ಜೂಮಿನಲ್ಲಿ ಅದರ ಎಫ್ ಸಂಖ್ಯೆ 6.5. ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ವ್ಯಾಸ ಸಿಗುತ್ತದೆ: 55 ಮಿಲಿಮೀಟರ್. ಹಳೆಯ ಕ್ಯಾಮೆರಾದ ಲೆನ್ಸು 300 ಮಿಲಿಮೀಟರ್, ಎಫ್ 5.6, ಭಾಗಿಸಿದರೆ ಸುಮಾರು 54. ಅಂದರೆ ದೂರದ ಆ ಕೊಕ್ಕರೆಯಿಂದ ಹೊರಟ ಬೆಳಕನ್ನು ಎರಡು ಕ್ಯಾಮೆರಾಗಳೂ ಹೆಚ್ಚುಕಡಿಮೆ ಒಂದೇ ಗಾತ್ರದ ಬೊಗಸೆಯಲ್ಲಿ ಹಿಡಿಯುತ್ತಿವೆ. ವ್ಯತ್ಯಾಸ ಇರುವುದು ಹಿಡಿದದ್ದನ್ನು ಹರಡುವ ರೀತಿಯಲ್ಲಿ. ಹೊಸದರ ಸಂವೇದಕ ಕಿರುಬೆರಳ ಉಗುರಿಗಿಂತ ಚಿಕ್ಕದು, ಆದರೆ ಅದರ ಮೇಲೆ 16 ಮೆಗಾಪಿಕ್ಸೆಲ್‌ಗಳು ಒತ್ತಿ ಕೂತಿವೆ. ಕೊಕ್ಕರೆಯ ಎತ್ತರವನ್ನು ಅದು ಹಳೆಯದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ಚುಕ್ಕೆಗಳಲ್ಲಿ ಬರೆಯುತ್ತದೆ. ಹಳೆಯದರ ಸಂವೇದಕ ವಿಸ್ತೀರ್ಣದಲ್ಲಿ 13 ಪಟ್ಟು ದೊಡ್ಡದು. ದೊಡ್ಡ ಸಂವೇದಕದಲ್ಲಿ ಚಿತ್ರ ಯಾವಾಗಲೂ ಚೆನ್ನ ಎಂದು ಅಂಗಡಿಯವರು ಹೇಳುವುದುಂಟು. ಹಕ್ಕಿ ಅದರ ಒಂದು ಮೂಲೆಯನ್ನಷ್ಟೇ ತುಂಬುತ್ತಿದ್ದರೆ ಉಳಿದ ಜಾಗದಿಂದ ಏನು ಪ್ರಯೋಜನ?

ದೂರದಲ್ಲಿ ಕೂತ ಹಕ್ಕಿ, ಒಳ್ಳೆಯ ಬಿಸಿಲು. ಈ ಎರಡೂ ಇದ್ದರೆ ಹೊಸದನ್ನು ಮೆಚ್ಚಲೇಬೇಕು.

ನಮ್ಮ ಪಕ್ಕದ ದೋಣಿಯಲ್ಲಿ ಒಬ್ಬರು ಮೊಬೈಲ್ ಎತ್ತಿ ಹಿಡಿದು, "ಇನ್ನೂ ಸ್ವಲ್ಪ ಹತ್ತಿರ ತಗೊಳ್ಳಿ" ಎಂದು ಅಂಬಿಗನನ್ನು ಒತ್ತಾಯಿಸುತ್ತಿದ್ದರು. "ಆಗಕಿಲ್ಲ ಸಾ. ನಾವ್ ಹತ್ರ ಹೋದ್ರೆ ತಾಯಿ ಎದ್ದೋಯ್ತದೆ, ಮರಿ ಬಿಸ್ಲಲ್ಲಿ ಬೆಂದೋಯ್ತವೆ" ಎಂದು ಆತ ಹುಟ್ಟು ಹಾಕುವುದನ್ನೇ ನಿಲ್ಲಿಸಿಬಿಟ್ಟ. ಮಾತು ನಿಜ. ಮಾರ್ಚಿಯ ಬಿಸಿಲಿನಲ್ಲಿ ಪುಕ್ಕ ಬಾರದ ಮರಿಗೂ ಬರಿಗಲ್ಲ ಮೇಲಿನ ಮೊಟ್ಟೆಗೂ ತಾಯಿಯ ನೆರಳೇ ಆಸರೆ. ಗಾಬರಿಯಾಗಿ ಎದ್ದ ಹಕ್ಕಿ ತಿರುಗಿ ಬರುವವರೆಗಿನ ನಿಮಿಷಗಳು ಅವಕ್ಕೆ ಬಹಳ ದೀರ್ಘ. ನಾವು ಇದ್ದಲ್ಲೇ ಇದ್ದು ಗೂಡಿನೊಳಗನ್ನು ನೋಡಿ ಬಂದೆವು ಎನ್ನುವುದು ಪಿ900ರ ಬಗ್ಗೆ ನಾನು ಹೇಳಬಹುದಾದ ಅತ್ಯಂತ ಒಳ್ಳೆಯ ಮಾತು.

ಮುಂದಿನ ಬಂಡೆಯ ಬಳಿ ಕಥೆ ಬದಲಾಯಿತು. ನದಿ ರೀವ ಕೂತಲ್ಲಿ ಕೂರುವ ಹಕ್ಕಿಯಲ್ಲ. ನೀರಿನ ಮೇಲೆ ಹಾರುತ್ತ, ತಟ್ಟನೆ ತಿರುಗಿ, ಬಾಣದಂತೆ ಮುಳುಗಿ ಮೀನು ಹಿಡಿದು ಏಳುತ್ತದೆ. ಹುಡುಗಿ ಹೊಸ ಕ್ಯಾಮೆರಾದಲ್ಲಿ ಅದನ್ನು ಹುಡುಕತೊಡಗಿದಳು. ಪೂರ್ತಿ ಜೂಮಿನಲ್ಲಿ, ಐವತ್ತು ಮೀಟರ್ ದೂರದಲ್ಲಿ ಆ ಕಿಂಡಿಗೆ ಕಾಣುವುದು ಒಂದು ಮೀಟರಿಗೂ ಕಡಿಮೆ ಅಗಲದ ಜಾಗ. ದೋಣಿ ಅಲುಗುತ್ತಿದೆ, ಹಕ್ಕಿ ಹಾರುತ್ತಿದೆ. ಕೀಲಿಕೈ ತೂತಿನಿಂದ ಕ್ರಿಕೆಟ್ ನೋಡಿದ ಹಾಗೆ. ಜೂಮ್ ಕಡಿಮೆ ಮಾಡಿ ಹಕ್ಕಿಯನ್ನು ಹಿಡಿದರೂ ಒಳಗಿನ ಪರದೆ ಒಂದು ಚೂರು ಹಿಂದೆ ಬೀಳುತ್ತದೆ, ಫೋಕಸ್ ಹಿಂದಕ್ಕೂ ಮುಂದಕ್ಕೂ ತಡಕಾಡುತ್ತದೆ. ಕ್ಷಣಕ್ಕೆ ಏಳರಂತೆ ಏಳು ಚಿತ್ರ ತೆಗೆದು, ಅವನ್ನು ಕಾರ್ಡಿಗೆ ಬರೆದುಕೊಳ್ಳುವವರೆಗೆ ಸುಮ್ಮನಾಗುತ್ತದೆ. ಬಂದದ್ದರಲ್ಲಿ ಹೆಚ್ಚಿನವು ನೀರು, ಆಕಾಶ, ಒಂದೆರಡು ರೆಕ್ಕೆಯ ತುದಿ.

ಹಳೆಯದನ್ನು ಕೊಟ್ಟೆ. ಭಾರಕ್ಕೆ ಮೊದಲು ಮುಖ ಸಿಂಡರಿಸಿದಳು. ಆದರೆ ಕನ್ನಡಿಯ ಮೂಲಕ ಕಾಣುವುದು ಹಕ್ಕಿಯೇ, ಹಕ್ಕಿಯ ಚಿತ್ರವಲ್ಲ. ತಡವಾಗುವ ಪ್ರಶ್ನೆಯೇ ಇಲ್ಲ. ಅದೇ ಐವತ್ತು ಮೀಟರಿನಲ್ಲಿ ಸುಮಾರು ನಾಲ್ಕು ಮೀಟರ್ ಅಗಲ ಕಾಣುವುದರಿಂದ ಹಕ್ಕಿ ತಪ್ಪಿಸಿಕೊಳ್ಳುವುದೂ ಕಷ್ಟ. 51 ಬಿಂದುಗಳ ಫೋಕಸ್ ವ್ಯವಸ್ಥೆ ಹಕ್ಕಿಯ ಬೆನ್ನು ಬಿಡುವುದಿಲ್ಲ, ಕ್ಷಣಕ್ಕೆ ಆರು ಚಿತ್ರ. ಕಾಲು ಗಂಟೆಯಲ್ಲಿ ಕೈಗೆ ಹದ ಸಿಕ್ಕಿತು. ರೀವ ಚಿಕ್ಕದಾಗಿಯೇ ಬಂದಿತ್ತು, ಆದರೆ ಕೊಕ್ಕಿನಲ್ಲಿ ಮೀನಿತ್ತು. ತೇಜಸ್ವಿಯವರಂಥವರು ಮೂಡಿಗೆರೆಯಲ್ಲಿ ರೋಲಿಗೆ 36 ಚಿತ್ರಗಳ ಫಿಲಂ ಹಾಕಿಕೊಂಡು ಹಕ್ಕಿಗಾಗಿ ಕಾದವರು. ಅವರ ತಾಳ್ಮೆಯ ಮುಂದೆ ನಮ್ಮದು ಯಾವ ಲೆಕ್ಕ ಎಂದೂ ಆಗ ಅನ್ನಿಸಿತು.

ಮಧ್ಯಾಹ್ನ ಚಿತ್ರ ತೆಗೆಯುವುದು ವ್ಯರ್ಥ. ಕಾದ ಗಾಳಿ ನಡುಗಿ, ದೊಡ್ಡ ಜೂಮಿನಲ್ಲಿ ಕೊಕ್ಕರೆಗಳು ನೀರಿನೊಳಗಿನ ಪ್ರತಿಬಿಂಬದಂತೆ ಅಲುಗುತ್ತವೆ. ಇದಕ್ಕೆ ಯಾವ ಕಂಪನಿಯೂ ಮದ್ದು ಕಂಡುಹಿಡಿದಿಲ್ಲ. ಬುತ್ತಿ ಬಿಚ್ಚಿ ಊಟ ಮುಗಿಸಿ, ಬೆಂಗಳೂರು ರಸ್ತೆ ಹಿಡಿದು ಮಂಡ್ಯ, ಮದ್ದೂರು ದಾಟಿ, ರುದ್ರಾಕ್ಷಿಪುರದ ಬಳಿ ಒಳದಾರಿಗೆ ತಿರುಗಿ ಕೊಕ್ಕರೆ ಬೆಳ್ಳೂರಿಗೆ ಹೋದೆವು.

ರಂಗನತಿಟ್ಟಿನಲ್ಲಿ ಹಕ್ಕಿಗೂ ಜನಕ್ಕೂ ನಡುವೆ ಹೊಳೆಯಿದೆ. ಇಲ್ಲಿ ಏನೂ ಇಲ್ಲ. ಊರೊಳಗಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಗೂಡು. ಕೆಳಗೆ ಹುಲ್ಲಿನ ಮೆದೆ, ಎಮ್ಮೆ, ನಲ್ಲಿಯ ಮುಂದೆ ಕೊಡಗಳು. ಹಿಕ್ಕೆ ಬಿದ್ದು ಎಲೆಗಳಿಗೆಲ್ಲ ಸುಣ್ಣ ಬಳಿದಂತಾಗಿರುತ್ತದೆ. ಅದನ್ನು ಊರವರು ಗೊಬ್ಬರವಾಗಿ ಹೊಲಕ್ಕೆ ಹಾಕುತ್ತಿದ್ದರು. 1990ರ ದಶಕದಿಂದ ಇಲ್ಲಿ ಹೆಜ್ಜಾರ್ಲೆ ಬಳಗ ಎಂಬ ಗುಂಪು ಗೂಡಿನಿಂದ ಬಿದ್ದ ಮರಿಗಳನ್ನು ಸಾಕುವ ಕೆಲಸ ಮಾಡಿದೆ. 2007ರಲ್ಲಿ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಲಾಯಿತು. ಅಂಗಳ ಗುಡಿಸುತ್ತಿದ್ದ ಅಜ್ಜಿಯೊಬ್ಬರನ್ನು ಇಷ್ಟೊಂದು ಗಲೀಜಿಗೆ ಬೇಸರವಿಲ್ಲವೇ ಎಂದು ಹುಡುಗಿ ಕೇಳಿದಳು. "ನಮ್ಮನೆ ಹೆಣ್ಮಕ್ಳಿದ್ದಂಗೆ ಕಣವ್ವ. ಹೆರಿಗೆಗೆ ಬತ್ತವೆ, ಮಕ್ಳ ಕರ್ಕೊಂಡು ಹೋಯ್ತವೆ. ಮನೆ ಗಲೀಜಾಯ್ತದೆ ಅಂತ ಮಗಳ್ನ ಬರ್ಬೇಡ ಅನ್ನಕಾದದಾ?" ಎಂದರು.

ಇಲ್ಲಿ 2000 ಮಿಲಿಮೀಟರ್ ಯಾರಿಗೆ ಬೇಕು? ಹೆಜ್ಜಾರ್ಲೆ ನಮ್ಮ ತಲೆಯ ಮೇಲೆಯೇ ರೆಕ್ಕೆ ಬಿಚ್ಚಿ ಇಳಿಯುತ್ತಿತ್ತು. ಹಕ್ಕಿ ಹತ್ತಿರ ಬಂದಂತೆ ಬೆಳಗಿನ ಲೆಕ್ಕವೂ ತಿರುಗಿಬಿಡುತ್ತದೆ. ಹಕ್ಕಿ ಈಗ ದೊಡ್ಡ ಸಂವೇದಕವನ್ನು ಅಂಚಿನಿಂದ ಅಂಚಿಗೆ ತುಂಬುತ್ತದೆ. ಹೊಸದು ಅದೇ ಚಿತ್ರಕ್ಕಾಗಿ ಜೂಮನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಎಳೆದುಕೊಂಡಾಗ 55 ಮಿಲಿಮೀಟರಿನ ಕಿಂಡಿ ಬಹಳಷ್ಟು ಕಿರಿದಾಗಿ, ಬೊಗಸೆ ಹೋಗಿ ಚಮಚ ಉಳಿಯುತ್ತದೆ. ಐದೂವರೆಯ ಹೊತ್ತಿಗೆ ಹುಣಸೆಯ ಕೆಳಗೆ ಕತ್ತಲೆ ಕವಿಯತೊಡಗಿತು. ಹೊಸದರ ಚಿತ್ರಗಳಲ್ಲಿ ಪುಕ್ಕಗಳು ಜಲವರ್ಣದಂತೆ ಕಲಸಿಹೋದವು. ಹಳೆಯದರಲ್ಲಿ ಕಾಳುಕಾಳಾಗಿ ಕಂಡರೂ ಪುಕ್ಕ ಪುಕ್ಕವಾಗಿಯೇ ಉಳಿಯಿತು. ಜೊತೆಗೆ ಹಳೆಯದು ರಾ ಕಡತವನ್ನು ಕೊಡುತ್ತದೆ, ಮನೆಗೆ ಬಂದು ನೆರಳನ್ನು ಒಂದಿಷ್ಟು ಎತ್ತಿಕೊಳ್ಳಬಹುದು. ಪಿ900ರಲ್ಲಿ ಆ ಸೌಲಭ್ಯವಿಲ್ಲ. 2020ರಲ್ಲಿ ಬಂದ ಪಿ950ರಲ್ಲಿ ಅದನ್ನು ಸೇರಿಸಿದರು.

ಅಂದ ಮಾತ್ರಕ್ಕೆ ಹಳೆಯದನ್ನು ಕಣ್ಣುಮುಚ್ಚಿ ಕೊಳ್ಳಿ ಎನ್ನಲಾರೆ. ಮದುವೆ ಮನೆಯ ಕ್ಯಾಮೆರಾ ಒಂದು ಮುಹೂರ್ತಕ್ಕೆ ನೂರಾರು ಸಲ ಕಣ್ಣು ಮಿಟುಕಿಸಿರುತ್ತದೆ. ಡಿ300ರ ಷಟರನ್ನು ಕಂಪನಿ ಪರೀಕ್ಷಿಸಿದ್ದು ಒಂದೂವರೆ ಲಕ್ಷ ಸಲಕ್ಕೆ. ಈವರೆಗೆ ಎಷ್ಟು ಓಡಿದೆ ಎಂದು ಚಿತ್ರದ ಕಡತದಿಂದಲೇ ತಿಳಿಯಬಹುದು, ಕೇಳಿ ತಿಳಿದುಕೊಳ್ಳಿ. ಇದರದ್ದು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು, ಮನೆಯ ಕಂಪ್ಯೂಟರಿಗೆ ಬೇರೆ ರೀಡರ್ ಬೇಕಾಗುತ್ತದೆ. ವಿಡಿಯೊ ಇಲ್ಲವೇ ಇಲ್ಲ. ಬ್ಯಾಟರಿ ಮಾತ್ರ ಗಟ್ಟಿ, ಸುಸ್ಥಿತಿಯಲ್ಲಿದ್ದರೆ ಸಾವಿರದವರೆಗೆ ಚಿತ್ರ. ಪಿ900ರದ್ದು 360ಕ್ಕೆ ಮುಗಿಯುತ್ತದೆ. ಇನ್ನೂ ಹೈಸ್ಕೂಲಿನಲ್ಲಿರುವ, ಹಕ್ಕಿಯ ಹೆಸರು ಗುರುತಿಸುವುದೇ ಮುಖ್ಯವಾದ ಮಗುವಿಗೆ ನಾನಾದರೆ ಜೂಮ್ ಕ್ಯಾಮೆರಾವನ್ನೇ ಕೊಡಿಸುತ್ತೇನೆ. ರಾತ್ರಿ ತಾರಸಿಯ ಮೇಲೆ ನಿಂತು ಚಂದ್ರನ ಕುಳಿಗಳನ್ನು ನೋಡುವ ಸುಖವೂ ಅದಕ್ಕೆ ಸೇರಿಕೊಂಡಿದೆ. ಪೂರ್ತಿ ಜೂಮಿನಲ್ಲಿ ಚಂದ್ರ ಚೌಕಟ್ಟಿನ ಬಹುಭಾಗ ತುಂಬಿ ನಿಲ್ಲುತ್ತಾನೆ.

ಮನೆಗೆ ಬಂದು ಚಿತ್ರಗಳನ್ನೆಲ್ಲ ಪರದೆಯ ಮೇಲೆ ಹಾಕಿದಾಗ ಅಕ್ಕ ಬೆರಳು ಮಾಡಿ ತೋರಿಸಿದ್ದು ಕೊಕ್ಕರೆಯ ನೆರಳಲ್ಲಿ ಕೂತ ಎರಡು ಮರಿಗಳನ್ನು. ಅದು ಹೊಸ ಕ್ಯಾಮೆರಾದ್ದು. ಈಗ ಚೌಕಟ್ಟಿನಲ್ಲಿ ಅವರ ನಡುಮನೆಯ ಗೋಡೆಯ ಮೇಲಿದೆ. ಹುಡುಗಿ ಆರಿಸಿಕೊಂಡದ್ದು ಹಳೆಯದನ್ನು. ಕಾರಣ ಕೇಳಿದ ಭಾವನವರಿಗೆ ಮೀನು ಕಚ್ಚಿಕೊಂಡ ರೀವವನ್ನು ತೋರಿಸಿ, ಇದನ್ನು ಇನ್ನೂ ಸ್ವಲ್ಪ ಚೆನ್ನಾಗಿ ತೆಗೆಯಬಹುದಿತ್ತು ಎಂದಳು. ಸ್ಟುಡಿಯೊದವರು ಬೆಲ್ಟು ಮತ್ತು ಇನ್ನೊಂದು ಬ್ಯಾಟರಿಯನ್ನು ಹಾಗೆಯೇ ಕೊಟ್ಟರು. ಕಾರ್ಡ್ ರೀಡರಿಗೆ ಭಾವ ಎರಡು ಅಂಗಡಿ ಅಲೆಯಬೇಕಾಯಿತು.