ಹೊನ್ನವಳ್ಳಿಯ ಅಟ್ಟ

ತಿಪಟೂರಿನಲ್ಲಿ ಬಸ್ಸು ಬದಲಿಸಿ ಹೊನ್ನವಳ್ಳಿಗೆ ಹೊರಟಾಗ ನನ್ನ ಕೈಚೀಲದಲ್ಲಿ ವಿಯೆಟ್ನಾಮಿನ ಲೇಖಕಿ ನ್ಗುಯೆನ್ ಫಾನ್ ಕ್ವೇ ಮಾಯ್ ಅವರ ಕಾದಂಬರಿಯಿತ್ತು. 2020ರಲ್ಲಿ ಹೊರಬಂದ ಆ ಕೃತಿಯಲ್ಲಿ ಹನೋಯಿಯ ಅಜ್ಜಿಯೊಬ್ಬಳು ಮೊಮ್ಮಗಳಿಗೆ ಮನೆತನದ ಕಥೆಯನ್ನು ಹೇಳುತ್ತಾಳೆ. ಜಮೀನು ಕಳೆದುಕೊಂಡು ಊರು ಬಿಟ್ಟ ಆಕೆ, ಮಕ್ಕಳನ್ನು ಒಬ್ಬೊಬ್ಬರಾಗಿ ದಾರಿಯಲ್ಲಿಯೇ ಬಿಟ್ಟು ನಡೆದವಳು. ಕಿಟಕಿಯಾಚೆ ತೆಂಗಿನ ತೋಟಗಳು ಮುಗಿಯದೆ ಸಾಗುತ್ತಿದ್ದವು. ಇಂಥ ತಣ್ಣನೆಯ ಸೀಮೆಯಲ್ಲಿ ಅಂಥ ಕಥೆಯೇ ಎನಿಸಿತು. ಅದು ನನ್ನ ಅಜ್ಞಾನವೆಂದು ಸಂಜೆಯೊಳಗೆ ತಿಳಿಯಿತು.

ಊರದೇವತೆ ಸ್ವರ್ಣಾಂಬೆ; ಜನರ ಬಾಯಲ್ಲಿ ಹೊನ್ನಮ್ಮ. ದರ್ಶನ ಮುಗಿಸಿ, ಪರಿಚಿತರ ಸಂಬಂಧಿಕರಾದ ವೃದ್ಧ ಯಜಮಾನರೊಬ್ಬರ ಮನೆಗೆ ಹೋದೆ. ಅವರು ಮೊದಲು ತೋರಿಸಿದ್ದು ಅಟ್ಟವನ್ನು. ಕಾಯಿಗಳನ್ನು ಅಲ್ಲಿ ಹರಡಿ ಹೆಚ್ಚುಕಡಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಆರುತ್ತದೆ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಲುಗಿಸಿದರೆ ಲೊಟಲೊಟ ಎನ್ನಬೇಕು.

"ದಂಡು ಬರುತ್ತದೆಂದರೆ ಚಿನ್ನವನ್ನು ಹೂಳಬಹುದು ಸ್ವಾಮಿ, ಅಟ್ಟವನ್ನು ಎಲ್ಲಿ ಹೂಳುವುದು?" ಎಂದರು ಯಜಮಾನರು.

ಅದು ಬರಿಯ ಮಾತಲ್ಲ. ಈ ಸೀಮೆಗೆ ಹತ್ತಿರದ ಶಿರಾ 1757ರಲ್ಲಿ ಮೊಗಲರಿಂದ ಮರಾಠರಿಗೆ ಹೋಯಿತು, 1759ರಲ್ಲಿ ಮತ್ತೆ ಮೊಗಲರಿಗೆ, 1761ರಲ್ಲಿ ಹೈದರಾಲಿಗೆ, 1766ರಲ್ಲಿ ಪುನಃ ಮರಾಠರಿಗೆ, 1774ರಲ್ಲಿ ಮರಳಿ ಮೈಸೂರಿಗೆ. ಹದಿನೇಳು ವರ್ಷಗಳಲ್ಲಿ ಐದು ಸಲ! 1791ರಲ್ಲಿ ಪರಶುರಾಮ ಭಾವುವಿನ ಸೈನ್ಯ ನೆರೆಯ ಚಿಕ್ಕನಾಯಕನಹಳ್ಳಿಯನ್ನು ಸೂರೆಮಾಡಿತು. ತೆಂಗಿನ ಸಸಿ ಫಲ ಕೊಡಲು ಆರೇಳು ವರ್ಷ ಬೇಕು. ಅಷ್ಟರಲ್ಲಿ ಎಷ್ಟು ಬಾವುಟಗಳು! ಆದರೂ ನೆಟ್ಟವರಿದ್ದರು. ಓಡಿಹೋದ ಹಿರಿಯರಲ್ಲಿ ಒಬ್ಬನು ಮಾತ್ರ ಹಿಂದಿರುಗಿದನೆಂದೂ, ತಮ್ಮದು ಆತನ ವಂಶವೆಂದೂ ಈ ಮನೆಯ ಮಾತು. ಮಿಕ್ಕವರ ಹೆಸರುಗಳನ್ನು ಹೇಳುತ್ತಿದ್ದ ಅಜ್ಜಿ ತೀರಿಕೊಂಡಿದ್ದಾರೆ, ಯಾರೂ ಬರೆದಿಟ್ಟಿಲ್ಲ. ಯಜಮಾನರು ಇದನ್ನು ಹೇಳುವಾಗ ನನ್ನ ಕಡೆಗೆ ನೋಡಲಿಲ್ಲ.

ಚೀಲದ ಪುಸ್ತಕದ ಸಂಗತಿ ತಿಳಿಸಿದೆ. ಅವರು ಕೇಳಿದ್ದು ಒಂದೇ: "ಅಲ್ಲಿ ತೆಂಗು ಉಂಟೆ?"

ಉಂಟು. ಮೆಕಾಂಗ್ ನದಿಯ ಮುಖಜ ಭೂಮಿಯಲ್ಲಿ ಬೆನ್ ತ್ರೆ ಎಂಬುದು ನಮ್ಮ ತಿಪಟೂರಿನಂಥ ತೆಂಗಿನ ಸೀಮೆ. 1968ರಲ್ಲಿ ಅಮೆರಿಕದ ಬಾಂಬುಗಳಿಗೆ ಆ ಪಟ್ಟಣದ ಬಹುಭಾಗ ನಾಶವಾಯಿತು.

"ಮರಗಳು?"

"ತೋಟಗಳೂ ಹಾಳಾದವು. ಈಗ ಮತ್ತೆ ತೆಂಗಿಗೇ ಹೆಸರುವಾಸಿ."

ಯಜಮಾನರು ತಲೆದೂಗಿ, ಮೊಮ್ಮಗನನ್ನು ಕರೆದು ಗಂಗಾಪಾಣಿಯ ಎಳನೀರು ಕೀಳಿಸಿದರು. ಆ ತಳಿಯ ಸವಿಗೆ ಹೊನ್ನವಳ್ಳಿ ಹಿಂದಿನಿಂದಲೂ ಪ್ರಸಿದ್ಧ. ಕುಡಿಯುತ್ತಿದ್ದಂತೆ ಅವರೆಂದರು: "ಹುಡುಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ನನಗೆ ನೆನಪಿರುವಷ್ಟು ಹೆಸರುಗಳನ್ನು ಇವತ್ತೇ ಬರೆದುಕೊಳ್ಳುತ್ತೀರಾ?"

ಕೊನೆಯ ಬಸ್ಸು ಹೋಗುವವರೆಗೂ ಬರೆದುಕೊಂಡೆ.